ಜ್ವರ ಬಿಟ್ಟ ಮೇಲಿನ ನಡಿಗೆ

ಮಾಘದ ಕೃಷ್ಣಪಕ್ಷ ಬಂತೆಂದರೆ ಹರಪನಹಳ್ಳಿಯಿಂದ ಕೊಟ್ಟೂರಿಗೆ ಹೋಗುವ ರಸ್ತೆಯ ಅಂಚೆಲ್ಲ ಪಾದಯಾತ್ರಿಗಳದ್ದು. ದಾವಣಗೆರೆ, ಹರಿಹರದ ಕಡೆಯಿಂದ ಹೊರಟವರು ರಾತ್ರಿಯೆಲ್ಲ ನಡೆದು ಬರುತ್ತಾರೆ. ಮೂಲಾ ನಕ್ಷತ್ರದ ದಿನ ಕೊಟ್ಟೂರೇಶ್ವರನ ತೇರು. ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ, ಒಗ್ಗರಣೆ ಮಂಡಕ್ಕಿ. ನಾನೂ ಹರಪನಹಳ್ಳಿಯಿಂದ ಈ ಸಾಲಿಗೆ ಸೇರುವವಳು. ಸಂಕ್ರಾಂತಿ ಕಳೆದ ಮೇಲೆ ಬೆಳಗಿನ ನಡಿಗೆಯನ್ನು ದಿನದಿನಕ್ಕೆ ಉದ್ದ ಮಾಡುತ್ತ ಹೋಗುವುದೇ ನನ್ನ ವ್ಯಾಯಾಮ, ಅದೇ ನನ್ನ ಹರಕೆಯ ತಯಾರಿ.

ಚಿಕೂನ್‌ಗುನ್ಯಾ ಬಂದು ಆ ನಡಿಗೆ ನಿಂತಿತು. ಜ್ವರ ಬೇಗ ಬಿಟ್ಟಿತು, ಕೀಲುಗಳು ಬಿಡಲಿಲ್ಲ. ಬೆಳಗ್ಗೆ ಎದ್ದರೆ ಪಾದ ನೆಲಕ್ಕೆ ಊರಲಾಗದು, ಬೆರಳು ಮಡಚಿದರೆ ಬಿಚ್ಚದು, ರೊಟ್ಟಿ ಬಡಿಯುವುದಂತೂ ದೂರವೇ ಉಳಿಯಿತು.

ನಮ್ಮ ಸೀಮೆಗೆ ಈ ಬೇನೆ ಹೊಸದಲ್ಲ. 2006ರಲ್ಲಿ ಅದು ಮನೆಮನೆಗೂ ಬಂದಿತ್ತು. ಆ ವರ್ಷ ದೇಶದಲ್ಲಿ ವರದಿಯಾದ ಶಂಕಿತ ಪ್ರಕರಣಗಳು 13 ಲಕ್ಷಕ್ಕೂ ಹೆಚ್ಚು, ಅವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕರ್ನಾಟಕದವೇ. ಕೂಡ್ಲಿಗಿ, ಹರಪನಹಳ್ಳಿ ಕಡೆಯ ನೆಲ ಮಳೆಯನ್ನು ನಂಬಿ ಕೂರುವ ನೆಲ. ನಲ್ಲಿ ನೀರು ಬಂದ ದಿನ ಡ್ರಮ್ಮು, ಕೊಡ, ತೊಟ್ಟಿ, ಕೈಗೆ ಸಿಕ್ಕಿದ್ದರಲ್ಲೆಲ್ಲ ತುಂಬಿಡುತ್ತೇವೆ. ಈ ಬೇನೆ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಅಂಥ ತಿಳಿನೀರಿನಲ್ಲೇ, ಕಚ್ಚುವುದು ಹಗಲಲ್ಲೇ. ಬರಕ್ಕೆ ಹೆದರಿ ಕೂಡಿಟ್ಟ ನೀರು ಮೊಣಕಾಲಿಗೆ ಬರುತ್ತದೆ. ವಾರಕ್ಕೊಮ್ಮೆ ಪಾತ್ರೆ ಬರಿದು ಮಾಡಿ ತಿಕ್ಕಿ ಅಂತ ಆಶಾ ಕಾರ್ಯಕರ್ತೆಯರು ಬಾಗಿಲಿಗೆ ಬಂದು ಹೇಳುತ್ತಾರೆ. ಮುಂದಿನ ನೀರು ಯಾವಾಗ ಬರುತ್ತದೋ ಗೊತ್ತಿಲ್ಲದ ಮನೆಯಲ್ಲಿ ಇದ್ದ ನೀರನ್ನು ಚೆಲ್ಲುವುದು ಎಷ್ಟು ಕಷ್ಟ!

ಮಲಗಿದ ದಿನಗಳಲ್ಲಿ ಕಾಲಿನ ಮಾಂಸ ಕರಗಿದ್ದು ನನ್ನ ಕಣ್ಣಿಗೇ ಕಾಣುತ್ತಿತ್ತು. ಅಮೆರಿಕದ ಡಲ್ಲಾಸ್‌ನಲ್ಲಿ 1966ರಲ್ಲಿ ಇಪ್ಪತ್ತರ ಹರೆಯದ ಐದು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿ ಪರೀಕ್ಷೆ ಮಾಡಿದರು. ಮೂವತ್ತು ವರ್ಷ ಕಳೆದು, 1996ರಲ್ಲಿ, ಅದೇ ಐವರನ್ನು ಮತ್ತೆ ಕರೆಸಿದರು. ಆ ಮೂರು ವಾರ ಅವರ ದುಡಿಯುವ ಶಕ್ತಿಯನ್ನು ಎಷ್ಟು ಕುಂದಿಸಿತ್ತೋ, ಮೂವತ್ತು ವರ್ಷದ ವಯಸ್ಸು ಅಷ್ಟು ಕುಂದಿಸಿರಲಿಲ್ಲ. ನನಗೆ ಧೈರ್ಯ ತಂದಿದ್ದು ಅದರ ಮುಂದಿನ ಭಾಗ. ಐವತ್ತು ದಾಟಿದ ಆ ಗಂಡಸರು ನಿಧಾನವಾಗಿ ಶುರು ಮಾಡಿ ಆರು ತಿಂಗಳು ನಡೆದರು, ಓಡಿದರು, ಸೈಕಲ್ ತುಳಿದರು. ವಯಸ್ಸು ಕಸಿದಿದ್ದ ಆ ಶಕ್ತಿಯನ್ನು ಮರಳಿ ಪಡೆದರು.

ನಿಧಾನ ಅಂದರೆ ಎಷ್ಟು ನಿಧಾನ? ನಡೆಯುತ್ತ ಮಾತಾಡಲು ಆಗಬೇಕು, ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದು ತಿಳಿ ಅಂದರು ವೈದ್ಯರು. ಮಾರನೆಯ ಬೆಳಗ್ಗೆ ಕೀಲು ಊದಿದ್ದರೆ ನಿನ್ನೆಯ ದೂರವನ್ನು ಕಡಿಮೆ ಮಾಡಬೇಕು. ಮೊದಮೊದಲು ಓಣಿಯ ತುದಿಯವರೆಗೆ ಹೋಗಿ ಬರುವುದೇ ಆಯಿತು. ಆಮೇಲೆ ಹಗರಿಬೊಮ್ಮನಹಳ್ಳಿಯ ತಂಗಿಯ ಮನೆಗೆ ಹೋಗಿದ್ದಾಗ ಅಂಕಸಮುದ್ರದ ಕೆರೆಗೆ ಕರೆದುಕೊಂಡು ಹೋದಳು. ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಪಕ್ಷಿಧಾಮ ಅದು. ನೀರೊಳಗೇ ನಿಂತ ಜಾಲಿ ಮರಗಳ ತುಂಬ ಗೂಡು, ಗದ್ದಲ. ಏರಿಯ ಮೇಲೆ ಏರಿಳಿತವಿಲ್ಲ, ನೋಯುವ ಮೊಣಕಾಲಿಗೆ ಅದಕ್ಕಿಂತ ಒಳ್ಳೆಯ ದಾರಿ ಬೇಡ. ಹಕ್ಕಿ ನೋಡಲೆಂದು ನಿಲ್ಲುವಾಗ ಸುಸ್ತಿಗೆ ನಿಂತೆ ಅನ್ನುವ ಸಂಕೋಚವೂ ಇಲ್ಲ. ಉಚ್ಚಂಗಿದುರ್ಗದ ಮೆಟ್ಟಿಲನ್ನು ಮಾತ್ರ ಈ ವರ್ಷ ಬಿಟ್ಟಿದ್ದೇನೆ. ಹತ್ತುವಾಗ ಏದುಸಿರು ಬಂದರೂ ತಡೆಯಬಹುದು, ಮಂಡಿಗೆ ಪೆಟ್ಟು ಬೀಳುವುದು ಇಳಿಯುವಾಗ. ಬೆಟ್ಟದ ಮೇಲಿನ ದೇವಿ ಉಚ್ಚಂಗೆಮ್ಮ ಕಾಯುತ್ತಾಳೆ.

ಹೀಗೆ ಅಳೆದು ತೂಗಿ ನಡೆಯಲು ನನಗೆ ಬಿಡುವಿತ್ತು, ಪಿಂಚಣಿಯಿತ್ತು. ನಮ್ಮ ಹಿಂದಿನ ಓಣಿಯವಳೊಬ್ಬಳು ಅದೇ ಜ್ವರದಿಂದ ಎದ್ದು, ಊದಿದ ಬೆರಳಲ್ಲೇ ಶೇಂಗಾ ಬಿಡಿಸಲು ಹೋದಳು. ಕೂಲಿ ಸೇರಿಗೆ ಇಷ್ಟು ಅಂತ. ಕೈ ನಿಧಾನವಾದರೆ ದುಡ್ಡೂ ಕಡಿಮೆ. ‘ಮೈ ಆಡಿಸಿದ್ರೆ ನೋವು ಹೋಗ್ತೈತಂತಲ್ಲಕ್ಕಾ’ ಅಂದಳು. ಹಗುರ ಚಲನೆಯಿಂದ ಕೀಲು ಸಡಿಲವಾಗುವುದು ನಿಜ. ಆದರೆ ಸಾಕೆನಿಸಿದಾಗ ನಿಲ್ಲಿಸುವ ಹಕ್ಕು ನಡೆಯುವವಳಿಗಿದೆ, ಕುಕ್ಕರಗಾಲಲ್ಲಿ ದಿನವಿಡೀ ಕೂತವಳಿಗಿಲ್ಲ. ಜ್ವರದಿಂದೆದ್ದವರಿಗೆ ಮೊದಲು ಸಿಗಬೇಕಾದದ್ದು ಆ ಹಕ್ಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಮೊನ್ನೆ ನಮ್ಮ ಸ್ವಸಹಾಯ ಸಂಘದ ಸಭೆಯಲ್ಲಿ ಈ ಮಾತು ಎತ್ತಿದೆ. ಕೂಲಿಯ ವಿಷಯ ಸಂಘದ ಕೈಯಲ್ಲಿಲ್ಲ. ಆದರೆ ಕೀಲುನೋವು ಇರುವವರ ಮನೆಗೆ ನೀರು ಹೊರುವುದು, ತೊಟ್ಟಿ ತಿಕ್ಕಿಕೊಡುವುದು ಉಳಿದವರ ಪಾಳಿ ಅಂತ ಒಪ್ಪಿಗೆಯಾಯಿತು. ಸಾಲದ ಕಂತಿಗೂ ಒಂದು ತಿಂಗಳ ಗಡುವು ಕೊಡೋಣ ಅಂತ ಕೇಳಿದ್ದೇನೆ, ಮುಂದಿನ ಸಭೆಯಲ್ಲಿ ಅದು ತೀರ್ಮಾನವಾಗಬೇಕು.