ಒಂದು ‘ಜಿ’ ಬಿಟ್ಟುಹೋದ ಕಥೆ

“ಹಳೇದು 2.93, ಹೊಸದು 3.5. ಹದಿಮೂರು ವರ್ಷ ಕೂತು ನಿಮ್ಮೋರು ಮಾಡಿದ್ದು ಇಷ್ಟೇಯಾ ಮಾರಾಯ?”

ಅಪ್ಪಯ್ಯ ಹೀಗೆ ಕೇಳಿದಾಗ ನಾನು ರಾತ್ರಿ ಬಸ್ಸಿಂದ ಇಳಿದು ಕಾಫಿ ಕೂಡ ಕುಡಿದಿರಲಿಲ್ಲ. ತೊಡೆ ಮೇಲೆ ಇಟ್ಟುಕೊಂಡೇ ಬೆಂಗಳೂರಿಂದ ಸಾಗರದ ತನಕ ತಂದಿದ್ದ ಡಬ್ಬಿಗಳು ಜಗಲಿ ಮೇಲಿದ್ದವು. ಇದು 2023ರ ಏಪ್ರಿಲ್ ಕೊನೆಯ ಮಾತು. ಅಪ್ಪಯ್ಯನದು ಡಿಟಿಪಿ ಅಂಗಡಿ. ನಾಮಕರಣದಿಂದ ವೈಕುಂಠ ಸಮಾರಾಧನೆ ತನಕ ನಮ್ಮ ಕಡೆಯ ಕಾಗದಗಳೆಲ್ಲ ಅಲ್ಲೇ ಟೈಪ್ ಆಗೋದು. ಮೇ ತಿಂಗಳ ಮುಹೂರ್ತಗಳ ಮದುವೆ ಕಾಗದಗಳು ರಾಶಿ ಬಿದ್ದಿರೋವಾಗಲೇ ಹಳೇ ಕಂಪ್ಯೂಟರಿನ ಬೋರ್ಡ್ ಸುಟ್ಟುಹೋಗಿತ್ತು. “ನಾನು ತರ್ತೀನಿ, ನೀವು ಸುಮ್ನಿರಿ” ಅಂತ ಫೋನಲ್ಲಿ ಗತ್ತಿನಿಂದ ಹೇಳಿದ್ದೆ. ಎಸ್.ಪಿ. ರೋಡಲ್ಲಿ ಅರ್ಧ ದಿನ ಅಲೆದು ರೈಜನ್ 5 5600, ಬಿ550 ಬೋರ್ಡ್, 16 ಜಿಬಿ ರ‍್ಯಾಮ್ ಕೊಂಡಿದ್ದೆ.

ಹಳೇದು ಇಂಟೆಲ್‌ನ ಕೋರ್ 2 ಡ್ಯುಯೋ ಇ7500, 2009ರಲ್ಲಿ ಬಂದದ್ದು. ರೈಜನ್ 5 5600 ಬಂದದ್ದು 2022ರಲ್ಲಿ. ಎರಡೂ 65 ವ್ಯಾಟ್ ವರ್ಗದವು. ಹಾಗಾಗಿ ಅಪ್ಪಯ್ಯನ ಪ್ರಶ್ನೆ ಸುಮ್ನೆ ನಗುವಂಥದ್ದಲ್ಲ. 2004ರ ಹೊತ್ತಿಗೇ ಪೆಂಟಿಯಂ 4 3.8 ಗಿಗಾಹರ್ಟ್ಸ್ ಮುಟ್ಟಿತ್ತು. 4 ಗಿಗಾಹರ್ಟ್ಸಿನದ್ದನ್ನು ತರ್ತೀವಿ ಅಂದಿದ್ದ ಇಂಟೆಲ್ ಅದೇ ವರ್ಷ ಅದನ್ನು ಕೈಬಿಟ್ಟಿತು. ಅಲ್ಲಿಯವರೆಗೆ ಟ್ರಾನ್ಸಿಸ್ಟರ್ ಸಣ್ಣದಾದ ಹಾಗೆಲ್ಲ ವೋಲ್ಟೇಜನ್ನೂ ಇಳಿಸಬಹುದಿತ್ತು, ಬಿಸಿ ಏರದೆ ವೇಗ ಏರ್ತಿತ್ತು. ಆಮೇಲೆ ವೋಲ್ಟೇಜ್ ಇಳಿಯೋದು ಹೆಚ್ಚುಕಮ್ಮಿ ನಿಂತಿತು. ಟ್ರಾನ್ಸಿಸ್ಟರ್ ಮುಚ್ಚಿದ್ರೂ ಕರೆಂಟು ಸೋರ್ತಿತ್ತು. ಗಡಿಯಾರ ಇನ್ನೂ ಜೋರಾಗಿ ಓಡಿಸಿದ್ರೆ ಚಿಪ್ಪು ದೋಸೆ ಕಾವಲಿ! ಅದಕ್ಕೇ ಒಂದು ಟಿಕ್‌ನಲ್ಲಿ ಹೆಚ್ಚು ಕೆಲಸ ಮಾಡಿಸೋ ದಾರಿ ಹಿಡಿದರು. ಮುಂದೆ ಯಾವ ಕವಲಿಗೆ ಹೋಗಬೇಕಾಗಬಹುದು ಅಂತ ಮೊದಲೇ ಊಹಿಸೋದು, ಸರದಿ ಬಿಟ್ಟು ತಯಾರಾದ ಕೆಲಸ ಮೊದಲು ಮುಗಿಸೋದು, ಕೋರ್‌ಗಳನ್ನು ಎರಡರಿಂದ ಆರು ಮಾಡೋದು... ಅಂದಹಾಗೆ 3.5 ಅನ್ನೋದು ತಳದ ಲೆಕ್ಕ. ಬಿಸಿ ಕಮ್ಮಿ ಇದ್ದಾಗ ಅದೇ 4.4ಕ್ಕೆ ಏರುತ್ತೆ.

ಇಷ್ಟು ಹೇಳಿದ್ರೂ ಅಪ್ಪಯ್ಯನ ಮುಖ ಅರಳಲಿಲ್ಲ. ಕ್ಯಾಶ್ ವಿಷಯ ಬಂದಾಗ ಮಾತ್ರ ಕಿವಿ ನಿಮಿರಿತು. ಕೋರ್‌ನ ಪಕ್ಕದಲ್ಲೇ ಇರೋ 32 ಕೆಬಿಯ ಪುಟ್ಟ ಕ್ಯಾಶ್‌ನಿಂದ ಅಂಕಿ ತರೋಕೆ ನಾಲ್ಕು ಟಿಕ್ ಸಾಕು. ಆರೂ ಕೋರ್ ಹಂಚಿಕೊಳ್ಳೋ 32 ಎಂಬಿಯ ಎಲ್3 ಕ್ಯಾಶ್‌ನಿಂದ ತರೋಕೆ ನಲವತ್ತು ಚಿಲ್ಲರೆ. ಅಲ್ಲೂ ಇಲ್ಲದಿದ್ರೆ ರ‍್ಯಾಮ್‌ಗೆ ಹೋಗಬೇಕು, ಮುನ್ನೂರರ ಆಸುಪಾಸು ಟಿಕ್ ಹಾಳು. ಹಳೇದರಲ್ಲಿ ಹಂಚಿಕೊಳ್ಳೋಕೆ ಇದ್ದದ್ದು ಬರೀ 3 ಎಂಬಿ.

“ಹೋ, ಮೊಳೆ ಕೇಸಿನ ಹಾಗೆ!” ಅಂದರು. ಹುಡುಗನಾಗಿದ್ದಾಗ ಪ್ರೆಸ್ಸಲ್ಲಿ ಮೊಳೆ ಜೋಡಿಸುತ್ತಿದ್ದವರು ಅವರು. ಪದೇ ಪದೇ ಬೇಕಾಗೋ ಅಕ್ಷರದ ಮೊಳೆ ಕೈಗೆ ಹತ್ತಿರದ ಖಾನೆಯಲ್ಲಿ, ಅಪರೂಪದ ಒತ್ತಕ್ಷರ ಮೇಲಿನ ಮೂಲೆಯಲ್ಲಿ, ಅಲ್ಲೂ ಇಲ್ಲದ್ದು ಒಳಕೋಣೆಯಲ್ಲಿ. “ಒಳಕೋಣೆಗೆ ಎದ್ದು ಹೋದ್ರೆ ಆ ದಿನದ ಪುಟ ಮುಗಿಯಲ್ಲ ಅಂತಲೇ ಲೆಕ್ಕ.” ನನ್ನ ಪಠ್ಯಪುಸ್ತಕದ ಒಂದು ಅಧ್ಯಾಯ ಎರಡು ನಿಮಿಷದಲ್ಲಿ ಮುಗೀತು.

ನನ್ನ ಇಂಜಿನಿಯರಿಕೆ ಕೂಡ ಅಲ್ಲಿಗೇ ಮುಗೀತು :)

ಎಲ್ಲ ಜೋಡಿಸಿದೆ. ಅಮ್ಮ ಅರಿಶಿನ ಕುಂಕುಮ ಹಚ್ಚಿದ್ಲು. ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ರ‍್ಯಾಮ್ ತೆಗೆದು ಹಾಕಿದೆ, ಕೇಬಲ್ ಬದಲಿಸಿದೆ, ಎರಡು ಗಂಟೆ ಬೆವರಿದೆ. ಬೋರ್ಡಿನ ಮೂಲೆಯಲ್ಲಿ ‘ವಿಜಿಎ’ ಅಂತ ಬರೆದ ಕಡೆ ಪುಟ್ಟ ದೀಪ ಉರೀತಾ ಇತ್ತು, ನನ್ನ ಕಣ್ಣಿಗೆ ಬಿದ್ದದ್ದು ಕೊನೆಗೆ.

5600ರ ಒಳಗೆ ಗ್ರಾಫಿಕ್ಸೇ ಇಲ್ಲ. ಅದು ಇರೋದು 5600ಜಿಯಲ್ಲಿ. ಬೋರ್ಡಿನ ಹಿಂದೆ ಎಚ್‌ಡಿಎಂಐ ಕಿಂಡಿ ಇದೆಯಲ್ಲ ಅಂತ ನಾನು ನಿಶ್ಚಿಂತೆಯಾಗಿದ್ದೆ. ಅಪ್ಪಯ್ಯನ ಹಳೇ ಮೆಷೀನಲ್ಲಿ ಪ್ರೊಸೆಸರಿಗೆ ಗ್ರಾಫಿಕ್ಸ್ ಇರಲಿಲ್ಲ ನಿಜ, ಆದರೆ ಅಲ್ಲಿ ಅದು ಬೋರ್ಡಿನ ಚಿಪ್‌ಸೆಟ್ಟಲ್ಲಿ ಇತ್ತು. ಆಮೇಲೆ ಅದು ಬೋರ್ಡು ಬಿಟ್ಟು ಪ್ರೊಸೆಸರ್ ಒಳಗೆ ಹೋಯ್ತು. ಕಿಂಡಿ ಮಾತ್ರ ಬೋರ್ಡಲ್ಲೇ ಉಳೀತು, ಒಳಗಿಂದ ಚಿತ್ರ ಕಳಿಸೋರಿಲ್ಲದಿದ್ರೆ ಅದು ಬರೀ ತೂತು. ನಾನು 5600ಜಿ ಬೇಡ ಅಂದದ್ದು ಅದರ ಎಲ್3 ಕ್ಯಾಶ್ 16 ಎಂಬಿ, ಅಂದ್ರೆ ಅರ್ಧ, ಅನ್ನೋ ಕಾರಣಕ್ಕೆ! ಪಿಸಿಐ ಎಕ್ಸ್‌ಪ್ರೆಸ್ ಕೂಡ ಅದರಲ್ಲಿ 3.0, ಇದರಲ್ಲಿ 4.0. ಮದುವೆ ಕಾಗದ ಟೈಪ್ ಮಾಡೋರಿಗೆ ಪಿಸಿಐ 4.0 ಯಾಕೆ ಬೇಕು ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಅಂಗಡಿಗೆ ಫೋನ್ ಮಾಡಿದೆ. ಡಬ್ಬಿ ಒಡೆದದ್ದು ವಾಪಸ್ ಇಲ್ಲ ಅಂದರು. ಅವರದ್ದೇನು ತಪ್ಪು?

ಮುಂದಿನ ಎರಡು ದಿನ ಅಪ್ಪಯ್ಯ ಪೇಟೆಯ ಇನ್ನೊಂದು ಡಿಟಿಪಿ ಅಂಗಡಿಯಲ್ಲಿ ಕೂತು ಟೈಪ್ ಮಾಡಿದರು. ಇಪ್ಪತ್ತು ವರ್ಷದಿಂದ ಅವರಿಗೂ ಅಪ್ಪಯ್ಯಂಗೂ ಮಾತು ಅಷ್ಟಕ್ಕಷ್ಟೆ. ಅಲ್ಲಿ ಏನಂತ ಕೇಳಿಕೊಂಡರೋ, ಅವರು ಏನಂದರೋ, ನನಗೆ ಹೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ “ನಾಳೆ ಬರುತ್ತಾ ಅದು?” ಅಂತ ಕೇಳಿದರು ಅಷ್ಟೆ. ಬೈದಿದ್ದರೆ ವಾಸಿಯಿತ್ತು.

ಮೂರನೇ ದಿನ ಗೆಳೆಯನೊಬ್ಬ ಬೆಂಗಳೂರಿಂದ ಬಸ್ಸಲ್ಲಿ ಕಳಿಸಿದ ಹಳೇ ಜಿಟಿ 710 ಕಾರ್ಡು ಬಂತು. ಹಾಕಿದೆ, ಪರದೆ ಬೆಳಗಿತು.

ಪೇಜ್‌ಮೇಕರ್ 7 ಹಾಕಿಕೊಟ್ಟೆ. 2001ರ ಸಾಫ್ಟ್‌ವೇರ್, ಅಪ್ಪಯ್ಯ ಅದು ಬಿಟ್ಟು ಬೇರೆ ಮುಟ್ಟಲ್ಲ. ತಂದ ವಸ್ತುವಿನ ಮಾನ ಸ್ವಲ್ಪನಾದರೂ ಉಳಿಸೋಣ ಅಂತ ಟಾಸ್ಕ್ ಮ್ಯಾನೇಜರ್ ತೆಗೆದು ತೋರಿಸಿದೆ. ಆರು ಕೋರ್, ಒಂದೊಂದಕ್ಕೂ ಎರಡು ಥ್ರೆಡ್, ಒಟ್ಟು ಹನ್ನೆರಡು ಚೌಕ. ಕಾಗದವೊಂದನ್ನು ಪಿಡಿಎಫ್ ಮಾಡಿದರು. ಒಂದೋ ಎರಡೋ ಚೌಕದಲ್ಲಿ ಗೆರೆ ಎದ್ದು ಮಲಗಿತು, ಉಳಿದವು ಮಿಸುಕಲಿಲ್ಲ.

ಅಪ್ಪಯ್ಯ ಕನ್ನಡಕ ಸರಿಮಾಡಿಕೊಂಡು ಸ್ವಲ್ಪ ಹೊತ್ತು ನೋಡಿದರು.

“ಹನ್ನೆರಡು ಜನ ಬಂದಿದ್ದಾರೆ, ಬಡಿಸ್ತಾ ಇರೋನು ಒಬ್ನೇ” ಅಂದು ಮುಂದಿನ ಕಾಗದ ಎತ್ತಿಕೊಂಡರು.