ಅನಾಮತ್ತು ಖಾತೆಯಲ್ಲಿರಬೇಕಾದ ಮಾತು

ದೊಡ್ಡಬಳ್ಳಾಪುರದ ಪೇಟೆಯಲ್ಲಿ ಜವಳಿ ವ್ಯಾಪಾರ ನಡೆಸುವ ಹಿರಿಯರೊಬ್ಬರಿದ್ದಾರೆ. ವಯಸ್ಸು ಎಪ್ಪತ್ತನ್ನು ಸಮೀಪಿಸಿದೆ. ದಿನದ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆಯಾದರೂ ಅದು ಸಿಗುವ ತನಕ ಅಂಗಡಿಯ ಬಾಗಿಲು ಹಾಕದ ಸ್ವಭಾವ ಅವರದು. ರಶೀದಿಯಿಲ್ಲದ ಬಾಬನ್ನು ಖಾತೆಗೆ ಏರಿಸಬಾರದೆಂಬುದು ತಂದೆಯವರು ಅವರಿಗೆ ಕಲಿಸಿದ ಮೊದಲ ಪಾಠ. ಅಂತಹವರ ಬಾಯಿಂದಲೇ ರಶೀದಿಯಿಲ್ಲದ ಮಾತೊಂದು ಹೊರಟು, ಮೂವತ್ತು ವರ್ಷಗಳ ಸ್ನೇಹ ಮುರಿಯುವ ಹಂತಕ್ಕೆ ಬಂದ ಪ್ರಸಂಗವಿದು.

ಅದು 2025ರ ಜುಲೈ 12, ಶನಿವಾರ. ಸರಿಯಾಗಿ ಒಂದು ತಿಂಗಳ ಹಿಂದೆ ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾದ 171ನೆಯ ವಿಮಾನವು ನೆಲಬಿಟ್ಟ ಅರ್ಧ ನಿಮಿಷದ ಆಸುಪಾಸಿನಲ್ಲೇ ವೈದ್ಯಕೀಯ ಕಾಲೇಜೊಂದರ ವಸತಿಗೃಹಗಳ ಮೇಲೆ ಬಿದ್ದಿತ್ತು. ಅದರಲ್ಲಿದ್ದ 242 ಜನರಲ್ಲಿ 241 ಮಂದಿ, ನೆಲದ ಮೇಲಿದ್ದ 19 ಮಂದಿ, ಒಟ್ಟು 260 ಜನ ಅಸುನೀಗಿದ್ದರು. ಆ ದುರಂತದ ಪ್ರಾಥಮಿಕ ತನಿಖಾ ವರದಿ ಹೊರಬಂದದ್ದು ಅಂದು. ಬೆಳಗಾಗುವುದರೊಳಗೆ ಮೊಬೈಲಿನಿಂದ ಮೊಬೈಲಿಗೆ ಒಂದೇ ಸಂದೇಶ ಹರಿದಾಡುತ್ತಿತ್ತು: ಕ್ಯಾಪ್ಟನ್ನೇ ಬೇಕೆಂದು ಇಂಧನ ನಿಲ್ಲಿಸಿ ವಿಮಾನ ಕೆಡವಿದನಂತೆ. ವರ್ತಕರು ಅದನ್ನು ಬಸದಿಯ ಟ್ರಸ್ಟಿನ ವಾಟ್ಸಾಪ್ ಬಳಗಕ್ಕೆ ರವಾನಿಸಿದರು. ಸಾಲದೆಂಬಂತೆ, ಅಂಗಡಿಯಲ್ಲಿ ಕುಳಿತಿದ್ದವರ ಮುಂದೆ, “ವರದಿಯೇ ಬಂದ ಮೇಲೆ ಇನ್ನೇನು ಸಂಶಯ? ಅಷ್ಟು ಜನರನ್ನು ಕೊಂದವನು ಅವನೇ” ಎಂದು ತೀರ್ಪನ್ನೂ ಕೊಟ್ಟುಬಿಟ್ಟರು.

ಅಲ್ಲಿ ಕುಳಿತಿದ್ದವರಲ್ಲಿ ವಿದ್ಯುತ್ ಮಗ್ಗಗಳ ಯಜಮಾನರೊಬ್ಬರಿದ್ದರು. ಅವರ ಮಗಳು ವಿಮಾನಚಾಲಕಿ. 2008ರ ಮೇ ತಿಂಗಳಿನಲ್ಲಿ ದೇವನಹಳ್ಳಿಯ ನಿಲ್ದಾಣ ಆರಂಭವಾದಾಗ ಆಕೆ ಶಾಲಾ ಬಾಲಕಿ. ಮನೆಯ ತಾರಸಿಯ ಮೇಲೆ ನಿಂತು ವಿಮಾನಗಳನ್ನು ಎಣಿಸುತ್ತಿದ್ದವಳು. ತಂದೆ ಕಾಫಿಯ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟು, ಏನೂ ಹೇಳದೆ ಎದ್ದು ಹೋದರು. ಆ ವಾರ ಸರಕು ಬರಲಿಲ್ಲ, ಅವರೂ ಬರಲಿಲ್ಲ.

ವರ್ತಕರು ಅವರ ಮನೆಗೇ ಹೋದರು. ದೊರೆತ ಉತ್ತರ ಇದು: “ಯಜಮಾನರೇ, ನಿಮ್ಮ ಮಾತು ಸುಳ್ಳೆಂದು ನಾನು ಹೇಳುವುದಿಲ್ಲ. ನಿಜವೇನೆಂದು ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿರಲಿಲ್ಲವಲ್ಲ. ನಾಳೆ ನನ್ನ ಮಗಳಿಗೆ ಏನಾದರೂ ಆದರೆ, ಅವಳ ದೇಹ ಮನೆಗೆ ಬರುವ ಮೊದಲೇ ನಿಮ್ಮ ಅಂಗಡಿಯಲ್ಲಿ ತೀರ್ಪಾಗಿರುತ್ತದೆ. ಅದನ್ನು ನೆನೆದು ಎದ್ದು ಬಂದೆ.”

ಅಂದು ರಾತ್ರಿ ವರ್ತಕರು ವರದಿಯನ್ನು ತರಿಸಿಕೊಂಡು ಮೊದಲ ಬಾರಿಗೆ ಓದಿದರು. ಎಂಜಿನ್ನುಗಳಿಗೆ ಇಂಧನ ಬಿಡುವ ಎರಡು ಸ್ವಿಚ್ಚುಗಳು ಒಂದು ಸೆಕೆಂಡಿನ ಅಂತರದಲ್ಲಿ ನಿಲುಗಡೆಯ ಸ್ಥಾನಕ್ಕೆ ಹೋದವೆಂದೂ, ಮತ್ತೆ ಮೊದಲಿನ ಸ್ಥಾನಕ್ಕೆ ಬಂದವೆಂದೂ ಅದರಲ್ಲಿತ್ತು. ಏಕೆ ನಿಲ್ಲಿಸಿದಿರೆಂದು ಒಬ್ಬ ಚಾಲಕರು ಕೇಳಿದ್ದು, ತಾನು ನಿಲ್ಲಿಸಲಿಲ್ಲವೆಂದು ಇನ್ನೊಬ್ಬರು ಹೇಳಿದ್ದು ಧ್ವನಿಮುದ್ರಣದಲ್ಲಿ ಇತ್ತು. ಕೇಳಿದವರು ಯಾರು, ಉತ್ತರಿಸಿದವರು ಯಾರು ಎಂಬುದನ್ನು ವರದಿ ಹೇಳಿರಲಿಲ್ಲ. ಸ್ವಿಚ್ಚುಗಳು ಹೇಗೆ ಸರಿದವೆಂಬುದನ್ನೂ ಹೇಳಿರಲಿಲ್ಲ. ಅದು ಯಾರನ್ನೂ ದೋಷಿಯೆಂದು ಕರೆದಿರಲಿಲ್ಲ. ವರದಿ ಬಿಟ್ಟಿದ್ದ ಜಾಗವನ್ನು ಜನ ತಮ್ಮ ಊಹೆಯಿಂದ ತುಂಬಿದ್ದರು. ತುಂಬಿದವರಲ್ಲಿ ತಾವೂ ಒಬ್ಬರೆಂಬುದು ವರ್ತಕರಿಗೆ ಅರಿವಾಯಿತು.

ಈ ದುರಂತದಲ್ಲಿ ಮೊದಲ ಗಳಿಗೆಯಿಂದಲೂ ಹೀಗೆಯೇ ನಡೆದಿತ್ತು. ಬೇರಾವುದೋ ಅಪಘಾತದ ಹಳೆಯ ದೃಶ್ಯಗಳು, ಯಂತ್ರಬುದ್ಧಿಯಿಂದ ತಯಾರಿಸಿದ ಚಿತ್ರಗಳು ನಿಜವೆಂಬಂತೆ ಹರಡಿದವು. ಯಾರೂ ಬದುಕುಳಿದಂತೆ ತೋರುವುದಿಲ್ಲವೆಂದು ನಗರದ ಪೊಲೀಸ್ ಮುಖ್ಯಸ್ಥರೇ ಮೊದಲು ಹೇಳಿದ್ದರು. 11ಎ ಆಸನದ ಪ್ರಯಾಣಿಕ ಜೀವಂತ ಸಿಕ್ಕಾಗ ಅವರೇ ಅದನ್ನು ತಿದ್ದಿ ಹೇಳಿದರು. ಹೊಣೆಯರಿತವರೂ ಮೊದಲ ಗಳಿಗೆಯಲ್ಲಿ ತಪ್ಪುವುದುಂಟು. ತಿದ್ದಿಕೊಳ್ಳುವುದು ಅವರ ಲಕ್ಷಣ. ಆದರೆ ಬದುಕುಳಿದ ಆ ವ್ಯಕ್ತಿ ವಿಮಾನದಲ್ಲಿ ಇರಲೇ ಇಲ್ಲ, ಸುಳ್ಳು ಹೇಳುತ್ತಿದ್ದಾನೆ ಎಂಬ ಮಾತೂ ಹುಟ್ಟಿತು. ಅದೇ ವಿಮಾನದಲ್ಲಿ ಸೋದರನನ್ನು ಕಳೆದುಕೊಂಡವನ ಮೇಲೆ ಬಂದ ಆರೋಪವದು! ಹಾಗೆ ಬರೆದವರೊಬ್ಬರು ಬಳಿಕ ಬಹಿರಂಗವಾಗಿ ಕ್ಷಮೆ ಕೋರಿದರು. ಆದರೆ ಕ್ಷಮೆಯ ಮಾತು ಆರೋಪದಷ್ಟು ದೂರ ನಡೆಯುವುದಿಲ್ಲ.

ವರ್ತಕರಿಗೆ ಹಳೆಯ ಎರಡು ದುರಂತಗಳು ನೆನಪಾದವು. ಎರಡೂ ನಮ್ಮ ನಾಡಿನವೇ.

ಮೊದಲನೆಯದು 1990ರ ಫೆಬ್ರವರಿ 14ರದು. ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ವಿಮಾನವು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣ ಮುಟ್ಟುವ ಮುನ್ನವೇ ಗಾಲ್ಫ್ ಮೈದಾನದಲ್ಲಿ ನೆಲಕ್ಕಪ್ಪಳಿಸಿತು. 146 ಜನರಲ್ಲಿ 92 ಮಂದಿ ತೀರಿಕೊಂಡರು. ಅದು ಹೊಸದಾಗಿ ಬಂದಿದ್ದ ಏರ್‌ಬಸ್ ಎ-320. ಗಣಕಯಂತ್ರದ ಮೂಲಕ ನಡೆಯುವ ವಿಮಾನ. ಸಂಶಯ ಯಂತ್ರದ ಮೇಲೆ ಹೋಯಿತು. ಸರಕಾರ ಆ ಜಾತಿಯ ವಿಮಾನಗಳ ಹಾರಾಟವನ್ನೇ ನಿಲ್ಲಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರ ವಿಚಾರಣೆ ಬೇರೆಯೇ ಮಾತು ಹೇಳಿತು: ಎಂಜಿನ್ನಿನ ಬಲ ತಗ್ಗಿದ ಸ್ಥಿತಿಯಲ್ಲಿ ವಿಮಾನ ಇಳಿಯುತ್ತಿದ್ದುದರ ಗಾಂಭೀರ್ಯವನ್ನು ಚಾಲಕರು ಸಕಾಲದಲ್ಲಿ ಅರಿಯಲಿಲ್ಲ.

ಎರಡನೆಯದು 2010ರ ಮೇ 22ರ ಬೆಳಗಿನ ಜಾವದ್ದು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಮಂಗಳೂರಿನ ಬಜ್ಪೆಯ ಗುಡ್ಡದ ಮೇಲಿನ ಓಡುದಾರಿಯನ್ನು ಮೀರಿ ಕಣಿವೆಗೆ ಉರುಳಿ ಹೊತ್ತಿ ಉರಿಯಿತು. 166 ಜನರಲ್ಲಿ ಉಳಿದವರು ಎಂಟೇ ಮಂದಿ. ಚಕ್ರ ಒಡೆಯಿತೆಂದರು, ಓಡುದಾರಿ ಚಿಕ್ಕದೆಂದರು, ಕ್ಯಾಪ್ಟನ್ ವಿದೇಶಿಯನೆಂದರು. ಏರ್ ಮಾರ್ಷಲ್ ಬಿ.ಎನ್. ಗೋಖಲೆಯವರ ನೇತೃತ್ವದ ತನಿಖೆ ಕಂಡುಕೊಂಡದ್ದು ಬೇರೆ. ಕ್ಯಾಪ್ಟನ್ ಆ ನಿಲ್ದಾಣಕ್ಕೆ ಹೊಸಬರಲ್ಲ. ಅಲ್ಲಿ ಹಲವು ಬಾರಿ ಇಳಿದವರು. ಆದರೆ ಪ್ರಯಾಣದಲ್ಲಿ ಒಂದೂವರೆ ಗಂಟೆಗೂ ಮಿಕ್ಕಿ ನಿದ್ರಿಸಿದ್ದರು. ಅವರ ಗೊರಕೆ ಧ್ವನಿಮುದ್ರಣದಲ್ಲಿತ್ತು. ವಿಮಾನ ಹೆಚ್ಚು ಎತ್ತರದಲ್ಲಿ, ಹೆಚ್ಚು ವೇಗದಲ್ಲಿ ಬರುತ್ತಿದ್ದಾಗ, ಇಳಿಸದೆ ಮತ್ತೆ ಮೇಲೇರಿಸಿರೆಂದು ಸಹಚಾಲಕರು ಮೂರು ಬಾರಿ ಹೇಳಿದರೂ ಅವರು ಕೇಳಲಿಲ್ಲ.

ಇಲ್ಲಿಗೆ ಬಂದಾಗ ವರ್ತಕರ ಮನಸ್ಸು ಒಂದು ಆಶ್ರಯ ಹುಡುಕಿತು. ಹಾಗಾದರೆ ಮಂಗಳೂರಿನಲ್ಲಿ ಚಾಲಕನನ್ನು ದೂರಿದವರ ಮಾತು ಕಡೆಗೆ ನಿಜವೇ ಆಯಿತಲ್ಲ! ತಮ್ಮ ಮಾತೂ ಒಂದು ದಿನ ಹಾಗೆಯೇ ಆಗಬಹುದಲ್ಲ! ಆದರೆ ಅರ್ಧ ಶತಮಾನ ಲೆಕ್ಕ ಬರೆದ ಕೈ ಈ ವಾದವನ್ನು ಒಪ್ಪಲಿಲ್ಲ. ರಶೀದಿಯಿಲ್ಲದೆ ಏರಿಸಿದ ಬಾಬು ಆಕಸ್ಮಿಕವಾಗಿ ತಾಳೆಯಾದರೂ ಅದನ್ನು ಬರೆದ ಗುಮಾಸ್ತ ಪ್ರಾಮಾಣಿಕನಾಗುವುದಿಲ್ಲ. ಊಹೆ ನಿಜವಾದರೆ ಅದು ಊಹಿಸಿದವನ ಅದೃಷ್ಟ, ಅವನ ಸತ್ಯವಲ್ಲ. ಮೇಲಾಗಿ, ವಿದೇಶಿಯನೆಂದು ದೂರಿದವರಿಗೆ ನಿದ್ರೆಯ ಸಂಗತಿ ಗೊತ್ತಿರಲಿಲ್ಲ, ಸಹಚಾಲಕರ ಮೂರು ಕೂಗುಗಳು ಗೊತ್ತಿರಲಿಲ್ಲ. ‘ಯಾರು’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕೊಡನೆ ಕೋಪ ತಣಿಯುತ್ತದೆ. ಮುಂದಿನ ವಿಮಾನದವರ ಜೀವ ಉಳಿಸುವುದು ‘ಏಕೆ’ ಎಂಬುದರ ಉತ್ತರ. ಅದು ಕಪ್ಪು ಪೆಟ್ಟಿಗೆಯ ಮುದ್ರಿಕೆಗಳಿಂದ, ಸುಟ್ಟ ಲೋಹದ ಚೂರುಗಳಿಂದ ತಿಂಗಳುಗಟ್ಟಲೆ ದುಡಿದು ತೆಗೆಯಬೇಕಾದದ್ದು. ತನಿಖೆಯ ಗುರಿ ಅಪಘಾತವನ್ನು ತಡೆಯುವುದೇ ಹೊರತು ದೋಷ ಹಂಚುವುದಲ್ಲವೆಂದು ಅಂತರರಾಷ್ಟ್ರೀಯ ನಿಯಮವೂ ಹೇಳುತ್ತದೆ.

ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಶ್ವೇತಾಂಬರ ಪರಂಪರೆಯು ಮೊದಲಿಗೆ ಹೇಳುವುದು ಸಹಸಾಭ್ಯಾಖ್ಯಾನವನ್ನು; ಎಂದರೆ ವಿಚಾರಿಸದೆ ದುಡುಕಿ ಪರರ ಮೇಲೆ ದೋಷ ಹೊರಿಸುವುದನ್ನು. ಕೃತ, ಕಾರಿತ, ಅನುಮೋದನ ಎಂಬ ಮೂರು ಬಗೆಯನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಸುಳ್ಳು ಸಂದೇಶವನ್ನು ಬರೆದವನು ಒಬ್ಬನಿರಬಹುದು. ಮುಂದಕ್ಕೆ ಕಳುಹಿಸಿದವನು ಅದನ್ನು ಇತರರಿಂದ ನುಡಿಸುತ್ತಾನೆ. ಓದಿ ತಲೆದೂಗಿದವನು ಅನುಮೋದಿಸುತ್ತಾನೆ. “ನಾನು ಬರೆದದ್ದಲ್ಲ, ಬಂದದ್ದನ್ನು ಕಳುಹಿಸಿದೆ” ಎಂಬ ಸಮಾಧಾನಕ್ಕೆ ಇಲ್ಲಿ ಸ್ಥಳವಿಲ್ಲ.

ಮರುದಿನ ವರ್ತಕರು ಟ್ರಸ್ಟಿನ ಬಳಗಕ್ಕೆ, ತಾವು ಕಳುಹಿಸಿದ್ದು ವರದಿಯಲ್ಲಿಲ್ಲದ ಮಾತೆಂದು ಬರೆದರು. ಅಷ್ಟರಲ್ಲಿ ಹಲವರು ಅದನ್ನು ತಮ್ಮ ನೆಂಟರಿಷ್ಟರಿಗೆ ದಾಟಿಸಿಯಾಗಿತ್ತು. ಮಾರಿದ ಬಟ್ಟೆಯಲ್ಲಿ ದೋಷ ಕಂಡರೆ ಥಾನನ್ನು ಹಿಂದಕ್ಕೆ ತರಿಸಿ ಹಣ ಕೊಡಬಹುದು. ಆಡಿದ ಮಾತನ್ನು ಯಾವ ಊರಿನಿಂದ ತರಿಸುವುದು? ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಂದಾಗ, ಅಂದು ಅಂಗಡಿಯಲ್ಲಿ ಕುಳಿತಿದ್ದ ಪ್ರತಿಯೊಬ್ಬರ ಮನೆಗೂ ಹೋಗಿ, ಯಾವ ಮಾತಿಗಾಗಿ ಕ್ಷಮೆ ಕೇಳುತ್ತಿರುವೆನೆಂಬುದನ್ನು ಬಿಡಿಸಿ ಹೇಳಿದರು. ಕೆಲವರು ನಕ್ಕರು. ಮಗ್ಗದ ಯಜಮಾನರು ನಗಲಿಲ್ಲ; ಕೈಹಿಡಿದು ಒಳಗೆ ಕರೆದರು.

ಆ ನವೆಂಬರಿನಲ್ಲಿ, ಮೃತ ಕ್ಯಾಪ್ಟನ್ನರ 91 ವರ್ಷದ ತಂದೆ ಸರ್ವೋಚ್ಚ ನ್ಯಾಯಾಲಯದ ಮೊರೆ ಹೊಕ್ಕಾಗ, ಮಗನ ಮೇಲೆ ಆಪಾದನೆಯಿದೆಯೆಂಬ ಭಾರವನ್ನು ಅವರು ಹೊರಬೇಕಾಗಿಲ್ಲವೆಂದು ನ್ಯಾಯಪೀಠ ಹೇಳಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಆ ಪತ್ರಿಕೆಯನ್ನು ಅಂಗಡಿಗೆ ತಂದವರು ಮಗ್ಗದ ಯಜಮಾನರೇ. ಆ ಇಳಿವಯಸ್ಸಿನಲ್ಲಿ ತಂದೆಯೊಬ್ಬರು ನ್ಯಾಯಾಲಯದ ಮೆಟ್ಟಿಲೇರಬೇಕಾದ ಸ್ಥಿತಿಗೆ ದೊಡ್ಡಬಳ್ಳಾಪುರದ ಒಂದು ಅಂಗಡಿಯ ಮಾತೂ ತನ್ನ ಪಾಲು ಸಲ್ಲಿಸಿತ್ತೆಂಬುದನ್ನು ವರ್ತಕರು ಮರೆತಿಲ್ಲ.

ಮೂಲ ತಿಳಿಯದ ಮೊತ್ತವನ್ನು ವ್ಯಾಪಾರಿಗಳು ಎಸೆಯುವುದಿಲ್ಲ, ಯಾರದೋ ಹೆಸರಿಗೆ ಖರ್ಚು ಬರೆಯುವುದೂ ಇಲ್ಲ. ಅನಾಮತ್ತು ಖಾತೆಯಲ್ಲಿಟ್ಟು ಆಧಾರ ಬರುವವರೆಗೆ ಕಾಯುತ್ತಾರೆ. ಪರರ ದುರಂತದ ಸುದ್ದಿಗೂ ನಮ್ಮ ಮನೆಗಳಲ್ಲಿ, ಬಸದಿಗಳ ಟ್ರಸ್ಟುಗಳಲ್ಲಿ ಅಂತಹದೊಂದು ಖಾತೆ ಇರಲಿ. ಮಡಿದವರಿಗಾಗಿ ಶಾಂತಿ ಕೋರಲು, ನೊಂದವರಿಗೆ ನೆರವಾಗಲು ಯಾವ ವರದಿಗೂ ಕಾಯಬೇಕಿಲ್ಲ. ದೋಷ ಹೊರಿಸುವ ಮಾತು ಮಾತ್ರ ಕಾಯಲಿ.