ಎಂಟು ಮನೆ, ನಾಲ್ಕು ಸಾಲು, ಒಂದು ದೀಪ

ಶಿಕಾರಿಪುರದಲ್ಲಿರುವ ನನ್ನ ಮೊಮ್ಮಗಳು ಈಗ ಒಂಬತ್ತನೇ ತರಗತಿ. ಬೇಸಿಗೆ ರಜೆಯಲ್ಲಿ ನಾವಿಬ್ಬರು ಮುದುಕರು ಸೊರಬದ ಕಡೆಯ ನಮ್ಮ ಹಳ್ಳಿಯಿಂದ ಶಿರಾಳಕೊಪ್ಪದ ಮೇಲೆ ಬಸ್ಸು ಹಿಡಿದು ಅವರ ಮನೆಗೆ ಹೋಗಿದ್ದೆವು. ಹುಡುಗಿ ಹಗಲೆಲ್ಲ ಹಳೆಯದೊಂದು ಲ್ಯಾಪ್‌ಟಾಪಿನ ಮುಂದೆ. ಆಟ ಆಡುತ್ತಿದ್ದಾಳೆ ಅಂದುಕೊಂಡರೆ, ಅವಳು ಆಟ ಕಟ್ಟುತ್ತಿದ್ದಳು. ಗೋಡೋ ಎಂಬ ತಂತ್ರಾಂಶವಂತೆ, ಬಿಡಿಗಾಸೂ ಕೊಡಬೇಕಿಲ್ಲ. ಯಾವ ಆಟ ಎಂದು ಕೇಳಿದೆ. “ಅಂಟಿಗೆ-ಪಂಟಿಗೆ” ಅಂದಳು. ನಾನು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತೆ.

ಬಯಲುಸೀಮೆಯ ಮಕ್ಕಳಿಗೆ ಇದು ಗೊತ್ತಿರಲಿಕ್ಕಿಲ್ಲ. ನಮ್ಮ ಮಲೆನಾಡಿನಲ್ಲಿ ದೀಪಾವಳಿಯ ರಾತ್ರಿಗಳಲ್ಲಿ ಹಾಡುಗಾರರ ಗುಂಪೊಂದು ಹಚ್ಚಿದ ದೀಪ ಹಿಡಿದು ಮನೆಮನೆಗೆ ಹೋಗುತ್ತದೆ. ಬಾಗಿಲಲ್ಲಿ ನಿಂತು ಹಾಡುತ್ತಾರೆ. ಮನೆಯವರು ಎದ್ದು ಬಂದು ದೀಪಕ್ಕೆ ಎಣ್ಣೆ ಎರೆಯುತ್ತಾರೆ, ಅಕ್ಕಿಯೋ ಕಾಸೋ ತಿಂಡಿಯೋ ಕೊಟ್ಟು ಕಳಿಸುತ್ತಾರೆ. ಒಂದೇ ಕಟ್ಟಳೆ: ಆ ದೀಪ ಆರಬಾರದು. ಹರೆಯದಲ್ಲಿ ನಾನೂ ಆ ಗುಂಪಿನ ಹಿಮ್ಮೇಳದಲ್ಲಿ ನಡೆದವನು.

ಅವಳ ಆಟದಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ದೀಪ ಹಿಡಿದು ಕತ್ತಲೆಯಲ್ಲಿ ನಡೆಯುತ್ತಿದ್ದಳು. ದೀಪದ ತುದಿಯಲ್ಲಿದ್ದ ಬೆಂಕಿ ಮಾತ್ರ ಭೋರ್ಗರೆಯುತ್ತಿತ್ತು! ಅಂತರ್ಜಾಲದಲ್ಲಿ ಪುಕ್ಕಟೆ ಸಿಕ್ಕ ಬೆಂಕಿಯಂತೆ. “ಇದು ಕಾಮನನ್ನು ಸುಡುವ ಬೆಂಕಿ ಮಗಾ, ಹಣತೆಯದ್ದಲ್ಲ” ಅಂದೆ. “ಹಾಗಾದ್ರೆ ನೀವೇ ಬರ್ಕೊಡಿ” ಅಂದಳು.

ಬೆಂಕಿ ಬರೆಯುವುದು ಹೇಗೆ ಎನ್ನುವುದನ್ನೂ ಅವಳೇ ಹೇಳಿಕೊಟ್ಟಳು. ಅಂಚೆಕಚೇರಿಯಲ್ಲಿ ಅಂಚೆಚೀಟಿಗಳ ದೊಡ್ಡ ಹಾಳೆ ನೋಡಿದ್ದೀರಲ್ಲ, ಹಾಗೆ. ಒಂದೇ ಹಾಳೆ, ಅದರಲ್ಲಿ ಸಮನಾದ ಚೌಕಗಳು, ಪ್ರತಿ ಚೌಕದಲ್ಲೂ ಅದೇ ದೀಪ, ಆದರೆ ಕುಡಿ ತುಸು ಬೇರೆ. ಇದಕ್ಕೆ ಸ್ಪ್ರೈಟ್ ಶೀಟ್ ಎನ್ನುತ್ತಾರೆ. ಕಂಪ್ಯೂಟರು ಒಂದು ಸಲಕ್ಕೆ ಒಂದು ಚೌಕವನ್ನಷ್ಟೇ ಕಿಟಕಿಯಲ್ಲಿ ತೋರಿಸಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಂದಿನದಕ್ಕೆ ಜಾರುತ್ತದೆ. ಸೆಕೆಂಡಿಗೆ ಹತ್ತು ಚಿತ್ರ ಸರಿದರೆ ಬೆಂಕಿ ಅಲುಗುತ್ತದೆ. ಮೂವತ್ತೆರಡು ಚಿತ್ರಗಳನ್ನು ಬೇರೆಬೇರೆ ಇಟ್ಟು ಒಂದೊಂದನ್ನೇ ತೆರೆಯುವುದಕ್ಕಿಂತ ಒಂದು ಹಾಳೆಯನ್ನು ಒಮ್ಮೆ ತಂದಿಟ್ಟುಕೊಂಡು ಕಿಟಕಿ ಸರಿಸುವುದು ಯಂತ್ರಕ್ಕೆ ಹಗುರ.

ಉಪಾಯ ಹೊಸದೇನಲ್ಲ. 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕ ಸಾಲಾಗಿ ಹನ್ನೆರಡು ಕ್ಯಾಮೆರಾ ಇಟ್ಟು ಓಡುವ ಕುದುರೆಯ ಚಿತ್ರ ಹಿಡಿದಿದ್ದ. ಸರಿಯಾಗಿ ನೂರು ವರ್ಷಕ್ಕೆ, 1978ರಲ್ಲಿ, ಜಪಾನಿನಿಂದ ‘ಸ್ಪೇಸ್ ಇನ್‌ವೇಡರ್ಸ್’ ಎಂಬ ಆಟ ಬಂತು. ಅದರಲ್ಲಿ ಇಳಿದು ಬರುವ ಅನ್ಯಲೋಕದ ಜೀವಿಗಳಿಗೆ ತಲಾ ಎರಡೇ ಚಿತ್ರ. ಆದರೂ ಅವು ಕಾಲಾಡಿಸಿಕೊಂಡು ನಡೆದವು! ನಮ್ಮ ದೀಪಕ್ಕೆ ಎರಡು ಸಾಲದು ಅಂದೆ. ಅಡ್ಡಕ್ಕೆ ಎಂಟು ಮನೆ, ಉದ್ದಕ್ಕೆ ನಾಲ್ಕು ಸಾಲು ಎಂದು ತೀರ್ಮಾನವಾಯಿತು.

ಅಂದು ರಾತ್ರಿ ಜಗುಲಿಯ ಲೈಟು ಆರಿಸಿ, ನಾನು ಹಣತೆ ಹಿಡಿದು ಆ ತುದಿಯಿಂದ ಈ ತುದಿಗೆ ನಡೆದೆ. ಅವಳು ಗಣಿತದ ಗ್ರಾಫ್ ಪುಸ್ತಕದಲ್ಲಿ ಗೀಚಿಕೊಂಡಳು. ನಿಂತಾಗ ಕುಡಿ ಮಲ್ಲಿಗೆಯ ಮೊಗ್ಗಿನಂತೆ ನೆಟ್ಟಗೆ. ಬುಡದಲ್ಲಿ ತೆಳು ನೀಲಿ, ಬತ್ತಿಯ ಸುತ್ತ ಮಬ್ಬು, ಮೇಲೆ ಹಳದಿ. ನಡೆದಾಗ ಹಿಂದಕ್ಕೆ ಬಾಗುತ್ತದೆ. ಮುಖ್ಯವಾದದ್ದು, ಬುಡ ಜರುಗುವುದೇ ಇಲ್ಲ, ಆಡುವುದು ತುದಿ ಮಾತ್ರ. ಅವಳ ಮೊದಲ ಹಾಳೆಯಲ್ಲಿ ಬತ್ತಿ ಒಂದೊಂದು ಚೌಕದಲ್ಲಿ ಒಂದೊಂದು ಕಡೆ ಕೂತು, ದೀಪ ಕಪ್ಪೆಯ ಹಾಗೆ ಕುಪ್ಪಳಿಸಿತು. ಆಮೇಲೆ ಎಲ್ಲ ಚೌಕದಲ್ಲೂ ಒಂದೇ ಜಾಗಕ್ಕೆ ಚುಕ್ಕಿ ಇಟ್ಟು ಅಲ್ಲಿಂದಲೇ ಬರೆದಳು. ಎಂಟನೆಯ ಚಿತ್ರ ಮತ್ತೆ ಮೊದಲನೆಯದಕ್ಕೆ ಹೊಂದಬೇಕು, ಇಲ್ಲದಿದ್ದರೆ ಪ್ರತಿ ಸುತ್ತಿಗೂ ದೀಪ ಬಿಕ್ಕುತ್ತದೆ.

ಲೆಕ್ಕದ ಪೀರಿಯಡ್ಡಿನಲ್ಲಿ ಆಕಳಿಸುವವರು ಇಷ್ಟು ಕೇಳಿ. ಚಿತ್ರಗಳನ್ನು ಸೊನ್ನೆಯಿಂದ ಎಣಿಸುತ್ತಾರೆ. ಚಿತ್ರ 13 ಎಲ್ಲಿದೆ? ಎಂಟರಿಂದ ಭಾಗಿಸಿ. ಭಾಗಲಬ್ಧ 1, ಅದು ಸಾಲು. ಶೇಷ 5, ಅದು ಮನೆ. (ಸಾಲು, ಮನೆಗಳೂ ಸೊನ್ನೆಯಿಂದಲೇ ಶುರು.) ಮೂರನೇ ತರಗತಿಯ ಭಾಗಾಕಾರ ದೀಪ ಉರಿಸುತ್ತದೆ ಎಂದು ನಾನಂತೂ ಎಣಿಸಿರಲಿಲ್ಲ.

ಬೆಳಕಿನ ಪ್ರಭೆಗೂ ಒಂದು ಕೂಡುವ ಲೆಕ್ಕವಿದೆ. ಕಪ್ಪು ಹಿನ್ನೆಲೆಯ ಮೇಲೆ ಬರೆದ ಪ್ರಭೆಯ ಬಣ್ಣವನ್ನು ಹಿಂದಿನ ದೃಶ್ಯದ ಬಣ್ಣಕ್ಕೆ ಕೂಡಿಸುತ್ತಾರೆ. ಕಪ್ಪು ಎಂದರೆ ಸೊನ್ನೆ, ಕೂಡಿಸಿದರೂ ಏನೂ ಬದಲಾಗದು. ಹಳದಿ ಬಿದ್ದಲ್ಲಿ ಗೋಡೆ ಬೆಳಗುತ್ತದೆ. ಮನೆಗಳ ಮುಂದಿಟ್ಟ ಹಣತೆಗಳಿಗೆಲ್ಲ ಅದೇ ಹಾಳೆ ಹಚ್ಚಿದಾಗ ಅವೆಲ್ಲ ಶಾಲೆಯ ಡ್ರಿಲ್ಲಿನಂತೆ ಒಟ್ಟಿಗೆ ಎಡಕ್ಕೆ, ಒಟ್ಟಿಗೆ ಬಲಕ್ಕೆ ವಾಲಿದವು. ನಕ್ಕೂ ನಕ್ಕೂ ಸಾಕಾಯಿತು. ಒಂದೊಂದನ್ನು ಒಂದೊಂದು ಚಿತ್ರದಿಂದ ಶುರುಮಾಡಿಸಿದಳು, ಸರಿಹೋಯಿತು.

ಜಗಳ ಬಂದದ್ದು ಬೇರೆ ಕಡೆ. “ದೀಪಕ್ಕೆ ಮೂರು ಜೀವ ಇರ್ತವೆ ಅಜ್ಜಾ, ಆರಿದ್ರೆ ಮತ್ತೆ ಹಚ್ಬಹುದು” ಅಂದಳು. ಆರಿದ ಮೇಲೆ ಅದು ಆ ದೀಪವೇ ಅಲ್ಲ ಅಂದೆ. ಒಂದೇ ಸಲಕ್ಕೆ ಮುಗಿಯುವ ಆಟ ಯಾರು ಆಡ್ತಾರೆ ಅಂದಳು. ಅವಳು ಹೇಳುವುದೂ ಸರಿಯೇ. ಆಗ ಅವಳಿಗೆ ಒಂದು ರಾತ್ರಿಯ ಕತೆ ಹೇಳಿದೆ. ಕೊಯ್ಲಿಗೆ ಬಂದ ಗದ್ದೆ, ಬದುವಿನ ಮೇಲೆ ನಾವು ಏಳೆಂಟು ಜನ. ಎಲ್ಲಿಂದಲೋ ಗಾಳಿ ಬೀಸಿತು. ಮುಂದಿದ್ದ ಹಿರಿಯರು ಕಂಬಳಿ ಹರಡಿ ದೀಪದ ಮೇಲೆ ಕವುಚಿ ಕೂತುಬಿಟ್ಟರು. ಹಾಡು ನಿಂತಿತು. ಕಂಬಳಿಯ ಸಂದಿಯಲ್ಲಿ ನಾನು ಕಂಡದ್ದು ಬತ್ತಿಗೆ ಅಂಟಿಕೊಂಡ ಜೋಳದ ಕಾಳಿನಷ್ಟು ನೀಲಿ. ಅದು ಮತ್ತೆ ಹಳದಿಯಾಗುವವರೆಗೆ ಒಬ್ಬರೂ ಉಸಿರೆತ್ತಲಿಲ್ಲ.

ಅವಳು ಏನೂ ಹೇಳದೆ ಮೂರನೆಯ ಸಾಲಿನಲ್ಲಿ ಆ ನೀಲಿಯನ್ನು ಬರೆದಳು. ನಾಲ್ಕನೆಯ ಸಾಲು ಎಣ್ಣೆ ಮುಗಿಯುತ್ತಿರುವ ದೀಪಕ್ಕೆ: ಕುಗ್ಗಿದ ಕುಡಿ, ಕೆಂಡವಾದ ಬತ್ತಿಯ ತುದಿ, ಕರಿ ಹೊಗೆಯ ಎಳೆ. ಜೀವಗಳ ಲೆಕ್ಕವನ್ನು ತೆಗೆದುಹಾಕಿದಳು. ನಾಲ್ಕನೆಯ ಸಾಲು ಕಂಡೊಡನೆ ಹತ್ತಿರದ ಮನೆಗೆ ಓಡಿ ಎಣ್ಣೆ ಹಾಕಿಸಿಕೊಳ್ಳಬೇಕು. ಮೂಲೆಯಲ್ಲಿ ಅಂಕಿ ಇಲ್ಲ, ಗಂಟೆ ಇಲ್ಲ, ದೀಪವನ್ನೇ ನೋಡುತ್ತಿರಬೇಕು.

“ನಿಮ್ಮ ಗುಂಪಲ್ಲಿ ಹುಡುಗೀರು ಇದ್ರಾ ಅಜ್ಜಾ?” ಎಂದೂ ಕೇಳಿದಳು. ಇರಲಿಲ್ಲ. ಹೆಂಗಸರು ಒಳಗಿನಿಂದ ಎಣ್ಣೆ ತಂದು ಎರೆಯುವವರು. ಅವಳು ತೆರೆಯ ಮೇಲಿನ ಎರಡು ಜಡೆಯ ಹುಡುಗಿಯನ್ನು ಹಾಗೆಯೇ ಬಿಟ್ಟಳು. ನಾನೂ ಬಿಟ್ಟೆ.

ಹೊರಡುವ ಹಿಂದಿನ ದಿನ ನನ್ನಾಕೆಯನ್ನು ಕೂರಿಸಿ ಆಡಿಸಿದೆವು. ಮೊದಲ ಮನೆಯ ಬಾಗಿಲಿಗೆ ದೀಪ ಮುಟ್ಟಿಸಿದವಳು ಅಲ್ಲೇ ನಿಂತಳು. ಎಣ್ಣೆ ತುಂಬಿತು, ಆದರೂ ಮುಂದಕ್ಕೆ ಹೋಗಲಿಲ್ಲ. ಯಾಕಜ್ಜಿ ಎಂದರೆ, “ಹಾಡು ಮುಗೀಲಿ ಅಂತ” ಅಂದಳು.

ಆಟದಲ್ಲಿ ಹಾಡೇ ಇರಲಿಲ್ಲ. ಬರುವ ಭಾನುವಾರ ಹುಡುಗಿ ಫೋನು ಹಿಡಿದು ನಮ್ಮೂರಿಗೆ ಬರುತ್ತಾಳೆ. ಆ ಗುಂಪಿನವರಲ್ಲಿ ಈಗ ಊರಲ್ಲಿರುವವರು ನಾನು ಸೇರಿ ಮೂವರು. ಒಬ್ಬರಿಗೆ ಕೆಮ್ಮು, ಇನ್ನೊಬ್ಬರಿಗೆ ಕಿವಿ ಮಂದ. ಇಬ್ಬರಿಗೂ ಹೇಳಿಕಳಿಸಿದ್ದೇನೆ.